ವೈದ್ಯರು ಯಾರಿಗೆ, ಎಷ್ಟು ಹೇಳಬಹುದು?

ಸ್ಕ್ಯಾನಿಂಗ್ ರಿಪೋರ್ಟು ಬಂದಿರುತ್ತದೆ. ರೋಗಿ ಒಳಗೆ ಮಂಚದ ಮೇಲೆ ಎಚ್ಚರವಾಗಿಯೇ ಮಲಗಿರುತ್ತಾರೆ. ವೈದ್ಯರು ವಾರ್ಡಿನಿಂದ ಹೊರಗೆ ಬಂದು "ಇವರ ಕಡೆಯವರು ಯಾರಿದ್ದೀರಿ?" ಎಂದು ಕೇಳುತ್ತಾರೆ. ಬೆಂಚಿನ ಮೇಲಿದ್ದ ಐದಾರು ಜನ ಒಟ್ಟಿಗೆ ಏಳುತ್ತಾರೆ: ಮಗ, ಅಳಿಯ, ಪಕ್ಕದ ಮನೆಯವರು, ಊರಿನಿಂದ ಕಾರು ಓಡಿಸಿಕೊಂಡು ಬಂದ ಹುಡುಗ. ಗಂಟು ಕ್ಯಾನ್ಸರಿನದು ಎಂಬ ಮಾತು ಮೊದಲು ಬೀಳುವುದು ಇವರ ಕಿವಿಗೆ. "ಅಮ್ಮನಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ" ಎಂಬ ಬೇಡಿಕೆಯೂ ಬೆನ್ನಿಗೇ ಬರುತ್ತದೆ. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತು, ಮಲಗಿರುವ ಅಮ್ಮನಿಗೆ ಗೊತ್ತಿಲ್ಲ.

ಇಲ್ಲಿ ಯಾರ ಮನಸ್ಸಿನಲ್ಲೂ ಕೆಡುಕಿಲ್ಲ. ಆದರೂ ನಡೆದದ್ದು ಗೌಪ್ಯತೆಯ ಉಲ್ಲಂಘನೆಯೇ. ರೋಗಿಯ ಗುಟ್ಟನ್ನು ವೈದ್ಯರು ಯಾವಾಗ ಹೊರಗೆ ಹೇಳಬಹುದು ಎಂಬ ಚರ್ಚೆ ಬಂದಾಗಲೆಲ್ಲ ನಾವು ಕೋರ್ಟು, ಪೊಲೀಸು, ಸಾಂಕ್ರಾಮಿಕ ಎಂದು ದೊಡ್ಡ ವಿಷಯಗಳನ್ನೇ ಎತ್ತಿಕೊಳ್ಳುತ್ತೇವೆ. ಗುಟ್ಟು ಹೆಚ್ಚಾಗಿ ಸೋರುವುದು ಈ ಕಾರಿಡಾರಿನಲ್ಲಿ. ಕಾನೂನು ಕೊಟ್ಟಿರುವ ವಿನಾಯಿತಿಗಳಲ್ಲಿ "ಕಡೆಯವರು" ಎಂಬ ವರ್ಗವೇ ಇಲ್ಲ. ಬುದ್ಧಿ ಸ್ಥಿಮಿತದಲ್ಲಿರುವ, 18 ತುಂಬಿದ ರೋಗಿಯ ವಿಷಯವನ್ನು ಗಂಡನಿಗಾಗಲಿ, ಮಗನಿಗಾಗಲಿ, ಬಿಲ್ ಕಟ್ಟುತ್ತಿರುವ ಅಣ್ಣನಿಗಾಗಲಿ ಹೇಳಲು ಆ ರೋಗಿಯ ಒಪ್ಪಿಗೆ ಬೇಕು. ಒಪ್ಪಿಗೆ ಪಡೆಯುವುದು ಕಷ್ಟವೂ ಅಲ್ಲ. ಅಡ್ಮಿಟ್ ಮಾಡಿಕೊಳ್ಳುವಾಗಲೇ "ನಿಮ್ಮ ಕಾಯಿಲೆ ವಿಷಯ ಯಾರಿಗೆ ತಿಳಿಸಬಹುದು, ಯಾರಿಗೆ ಬೇಡ?" ಎಂದು ಕೇಳಿ, ಒಂದೆರಡು ಹೆಸರನ್ನು ಫೋನ್ ನಂಬರಿನ ಜೊತೆ ಕೇಸ್ ಶೀಟಿನ ಮೊದಲ ಪುಟದಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಆಯಿತು. ಎರಡು ನಿಮಿಷದ ಕೆಲಸ. ಆಮೇಲೆ ಡ್ಯೂಟಿ ಬದಲಾದರೂ ನರ್ಸ್‌ಗೆ, ಹೌಸ್ ಸರ್ಜನ್‌ಗೆ ಗೊಂದಲವಿರುವುದಿಲ್ಲ. ರೋಗಿಗೆ ಪ್ರಜ್ಞೆ ಇಲ್ಲದಾಗ, ತುರ್ತಾಗಿ ನಿರ್ಧಾರವಾಗಬೇಕಾದಾಗ ಹತ್ತಿರದ ಸಂಬಂಧಿಕರಿಗೆ ಹೇಳಲೇಬೇಕಾಗುತ್ತದೆ. ಆಗಲೂ ಆ ನಿರ್ಧಾರಕ್ಕೆ ಬೇಕಾದಷ್ಟನ್ನೇ ಹೇಳಬೇಕು.

ನಿಯಮದ ಮೂರು ಬಾಗಿಲು

ನಮ್ಮ ವೈದ್ಯರಿಗೆ ಇವತ್ತಿಗೂ ಅನ್ವಯವಾಗುವುದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಾವಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿ ಹೊರಡಿಸಿ ಅದೇ ತಿಂಗಳು ತಡೆಹಿಡಿದದ್ದರಿಂದ ಹಳೆಯದೇ ಮುಂದುವರಿದಿದೆ. ಅದರ 7.14ನೇ ನಿಯಮದ ಪ್ರಕಾರ ವೃತ್ತಿಯಲ್ಲಿ ತಿಳಿದುಬಂದ ರೋಗಿಯ ಗುಟ್ಟನ್ನು ವೈದ್ಯರು ಬಯಲು ಮಾಡುವಂತಿಲ್ಲ. ಅದಕ್ಕೆ ಮೂರು ವಿನಾಯಿತಿಗಳಿವೆ. ನ್ಯಾಯಾಧೀಶರ ಆದೇಶದ ಮೇರೆಗೆ ಕೋರ್ಟಿನಲ್ಲಿ ಹೇಳಬಹುದು. ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರವಾದ, ಗುರುತಿಸಬಹುದಾದ ಅಪಾಯವಿದ್ದಾಗ ಹೇಳಬಹುದು. ಸರ್ಕಾರಕ್ಕೆ ವರದಿ ಮಾಡಬೇಕೆಂದು ಘೋಷಿಸಿರುವ ರೋಗಗಳ ವಿಷಯವನ್ನು ಆರೋಗ್ಯಾಧಿಕಾರಿಗೆ ತಿಳಿಸಬೇಕು. ಇದರ ಬೆನ್ನಿಗೆ ಸಂವಿಧಾನದ ಬಲವೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 24 ಆಗಸ್ಟ್ 2017ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿದರು.

ಈ ಮೂರರಲ್ಲಿ ಯಾವುದೂ ಹೆಬ್ಬಾಗಿಲಲ್ಲ. ಪ್ರತಿಯೊಂದರಲ್ಲೂ ಯಾರಿಗೆ, ಎಷ್ಟು, ಯಾವ ದಾರಿಯಲ್ಲಿ ಎಂಬ ಮಿತಿ ಇದೆ. ಕ್ಷಯದ ರೋಗಿಯ ಹೆಸರನ್ನು ಆರೋಗ್ಯ ಇಲಾಖೆಗೆ ಕೊಡಬೇಕು ಎಂದರೆ ಅವರ ಮನೆ ಮಾಲೀಕರಿಗೂ ಹೇಳಬಹುದು ಎಂದರ್ಥವಲ್ಲ. ತಪ್ಪುಗಳಾಗುವುದು ಬಹುಪಾಲು ಇಲ್ಲಿಯೇ: ಒಬ್ಬರಿಗೆ ಹೇಳಬಹುದಾದ ಮಾತು ಹತ್ತು ಜನರಿಗೆ ಹೋಗುತ್ತದೆ, ಒಂದು ಸಾಲು ಕೇಳಿದಲ್ಲಿ ಇಡೀ ಫೈಲು ಹೋಗುತ್ತದೆ.

ಎಚ್‌ಐವಿ: ಹೇಳುವ ಮೊದಲು ದಾಟಬೇಕಾದ ಮೆಟ್ಟಿಲುಗಳು

ಗೌಪ್ಯತೆಯ ಮಿತಿ ನಮ್ಮಲ್ಲಿ ಮೊದಲು ಗಟ್ಟಿಯಾಗಿ ಚರ್ಚೆಯಾದದ್ದು "ಮಿಸ್ಟರ್ ಎಕ್ಸ್ ವಿರುದ್ಧ ಹಾಸ್ಪಿಟಲ್ ಝಡ್" ಮೊಕದ್ದಮೆಯಲ್ಲಿ. 1995ರಲ್ಲಿ ರೋಗಿಯೊಬ್ಬರ ಶಸ್ತ್ರಚಿಕಿತ್ಸೆಗೆಂದು ಚೆನ್ನೈನಲ್ಲಿ ರಕ್ತ ಕೊಟ್ಟ ವ್ಯಕ್ತಿಗೆ ಎಚ್‌ಐವಿ ಇರುವುದು ಪರೀಕ್ಷೆಯಲ್ಲಿ ಗೊತ್ತಾಯಿತು. ಸುದ್ದಿ ಹೊರಬಿದ್ದು ನಿಶ್ಚಯವಾಗಿದ್ದ ಮದುವೆ ಮುರಿಯಿತು, ಊರಿನಲ್ಲಿ ತಲೆಯೆತ್ತಿ ಬದುಕುವುದು ಕಷ್ಟವಾಯಿತು. ಅವರು ಆಸ್ಪತ್ರೆಯ ಮೇಲೆ ದಾವೆ ಹೂಡಿದರು. ಮದುವೆಯಾಗಲಿದ್ದ ಹೆಣ್ಣುಮಗಳ ಜೀವದ ಹಕ್ಕು ದೊಡ್ಡದು, ಆದ್ದರಿಂದ ಹೇಳಿದ್ದು ತಪ್ಪಲ್ಲ ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸೋಂಕಿತರ ಮದುವೆಯ ಹಕ್ಕಿನ ಬಗ್ಗೆ ಅದೇ ತೀರ್ಪಿನಲ್ಲಿದ್ದ ಕಟು ಮಾತುಗಳನ್ನು 2002ರಲ್ಲಿ ಕೋರ್ಟೇ ಹಿಂತೆಗೆದುಕೊಂಡಿತು.

ಆ ತೀರ್ಪಿನ ನಂತರ ಎಷ್ಟೋ ಕಡೆ "ಎಚ್‌ಐವಿ ಇದ್ದರೆ ಹೇಳಬಹುದು" ಎಂಬ ಸಡಿಲ ನಂಬಿಕೆ ಬೇರೂರಿತು. ಅದಕ್ಕೆ ಕಡಿವಾಣ ಹಾಕಿದ್ದು 10 ಸೆಪ್ಟೆಂಬರ್ 2018ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2017. ಅದರ 8ನೇ ಕಲಮಿನಂತೆ ಎಚ್‌ಐವಿ ವಿಷಯ ಹೊರಗೆ ಹೇಳಲು ಬಾಯಿ ಮಾತಿನ ಒಪ್ಪಿಗೆ ಸಾಲದು, ಬರಹದಲ್ಲಿ ದಾಖಲಾದ ತಿಳಿವಳಿಕೆಯ ಒಪ್ಪಿಗೆ ಬೇಕು. ಚಿಕಿತ್ಸೆಯಲ್ಲಿ ನೇರವಾಗಿ ತೊಡಗಿರುವ ಇನ್ನೊಬ್ಬ ವೈದ್ಯರಿಗೆ, ಅದು ಚಿಕಿತ್ಸೆಗೆ ಅಗತ್ಯವಿದ್ದಾಗ, ತಿಳಿಸಬಹುದು. ವಾರ್ಡಿನ ಎಲ್ಲರಿಗೂ ಅಲ್ಲ. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವುದು, ಮಂಚಕ್ಕೆ ಬೇರೆ ಬಣ್ಣದ ಚೀಟಿ ಕಟ್ಟುವುದು, ಆಪರೇಷನ್ ಪಟ್ಟಿಯಲ್ಲಿ ಹೆಸರಿನ ಮುಂದೆ ನಕ್ಷತ್ರ ಹಾಕಿ ಗೋಡೆಗೆ ಅಂಟಿಸುವುದು ಸುರಕ್ಷತೆಯ ಹೆಸರಿನಲ್ಲಿ ನಡೆದರೂ ಅದು ಬಯಲು ಮಾಡುವುದೇ. ಅದರಿಂದ ಸಿಬ್ಬಂದಿಗೆ ರಕ್ಷಣೆಯೂ ಸಿಗುವುದಿಲ್ಲ. ಪರೀಕ್ಷೆಯಾಗದ ರೋಗಿಯಲ್ಲೂ, ಸೋಂಕು ತಗುಲಿಯೂ ಪರೀಕ್ಷೆಯಲ್ಲಿ ಇನ್ನೂ ಕಾಣದ ರೋಗಿಯಲ್ಲೂ ವೈರಾಣು ಇರಬಹುದು. ಹಾಗಾಗಿ ಗ್ಲೌಸು, ಸೂಜಿಯ ಎಚ್ಚರ ಎಲ್ಲ ರೋಗಿಗಳಿಗೂ ಒಂದೇ ತೆರನಾಗಿರಬೇಕು.

ಗಂಡ ಅಥವಾ ಹೆಂಡತಿಗೆ ಹೇಳುವ ದಾರಿ 9ನೇ ಕಲಮಿನಲ್ಲಿದೆ. ಹೇಳಬಹುದಾದವರು ವೈದ್ಯರು ಅಥವಾ ಕೌನ್ಸೆಲರ್ ಮಾತ್ರ. ಲ್ಯಾಬ್ ಟೆಕ್ನಿಷಿಯನ್ ಅಲ್ಲ, ನರ್ಸ್ ಅಲ್ಲ, ಆಶಾ ಕಾರ್ಯಕರ್ತೆ ಅಲ್ಲ. ಅವರೂ ನೇರವಾಗಿ ಹೇಳಿಬಿಡುವಂತಿಲ್ಲ. ಸಂಗಾತಿಗೆ ಸೋಂಕು ತಗಲುವ ಗಣನೀಯ ಅಪಾಯವಿದೆ ಎಂದು ನಂಬಲು ಕಾರಣವಿರಬೇಕು. "ನೀವೇ ಹೇಳಿ" ಎಂದು ರೋಗಿಗೆ ಮೊದಲು ಕೌನ್ಸೆಲಿಂಗ್ ಮಾಡಿರಬೇಕು. ಅವರು ಹೇಳುವುದಿಲ್ಲ ಎಂಬುದು ಖಚಿತವಾಗಿರಬೇಕು. "ಹಾಗಾದರೆ ನಾನು ಹೇಳಬೇಕಾಗುತ್ತದೆ" ಎಂದು ರೋಗಿಗೆ ಮುಂಚಿತವಾಗಿ ತಿಳಿಸಿರಬೇಕು. ಈ ನಾಲ್ಕೂ ಆದ ಮೇಲೆ ಸಂಗಾತಿಯನ್ನು ಕರೆಸಿ, ಕೌನ್ಸೆಲಿಂಗ್ ಮಾಡಿ, ಎದುರಾಎದುರು ಕೂರಿಸಿಕೊಂಡು ಹೇಳಬೇಕು. ಫೋನಿನಲ್ಲಿ ಬೇಡ, ಅತ್ತೆ-ಮಾವನ ಮೂಲಕ ಬೇಡ. ಪ್ರತಿ ಭೇಟಿಯ ದಿನಾಂಕ, ಹೇಳಿದ್ದೇನು, ಉತ್ತರವೇನು ಎಂಬುದು ಕೇಸ್ ಶೀಟಿನಲ್ಲಿ ಇರಬೇಕು; ಮುಂದೆ ಪ್ರಶ್ನೆ ಎದ್ದರೆ ವೈದ್ಯರ ಪರವಾಗಿ ಮಾತಾಡುವುದು ಆ ಸಾಲುಗಳೇ.

ಇದೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಓದದೆ ಮುಂದೆ ಹೋಗುವವರೇ ಹೆಚ್ಚು. ರೋಗಿ ಹೆಣ್ಣುಮಗಳಾಗಿದ್ದು, ಹೇಳಿದರೆ ಅವಳಿಗೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಹಾಕುತ್ತಾರೆ, ಅವಳ ಅಥವಾ ಮಕ್ಕಳ ಸುರಕ್ಷತೆಗೆ ಕುತ್ತು ಬರುತ್ತದೆ ಎಂಬ ಆತಂಕಕ್ಕೆ ಆಧಾರವಿದ್ದರೆ ಸಂಗಾತಿಗೆ ಹೇಳಬಾರದು. ಬಸುರಿಯರ ತಪಾಸಣೆಯಲ್ಲಿ ಎಚ್‌ಐವಿ ಪರೀಕ್ಷೆ ಸಾಮಾನ್ಯ. ಹಾಗಾಗಿ ಎಷ್ಟೋ ಮನೆಗಳಲ್ಲಿ ಸೋಂಕು ಮೊದಲು ಪತ್ತೆಯಾಗುವುದು ಹೆಂಡತಿಯಲ್ಲಿ. "ಮೊದಲು ಬಂದದ್ದು ಇವಳಿಗೆ" ಎಂಬ ಆರೋಪವೂ ಅವಳ ಮೇಲೆಯೇ. ಇಂಥ ಕಡೆ ಅನುಭವಿ ಕೌನ್ಸೆಲರುಗಳು ಗಂಡನನ್ನೂ ಪರೀಕ್ಷೆಗೆ ಕರೆಸಿ, ಇಬ್ಬರ ಒಪ್ಪಿಗೆಯ ಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವ ದಾರಿ ಹಿಡಿಯುತ್ತಾರೆ. ಈ ಕಲಮಿನಡಿ ಹೇಳಿದ್ದಕ್ಕಾಗಲಿ, ಹೇಳದೆ ಉಳಿದದ್ದಕ್ಕಾಗಲಿ ವೈದ್ಯರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ.

ಕಾಯ್ದೆ ಸಂಗಾತಿ ಎನ್ನುವುದು ಗಂಡ, ಹೆಂಡತಿ ಅಥವಾ ಮದುವೆಯಂಥ ಸಂಬಂಧದಲ್ಲಿ ಇರುವವರನ್ನು. ನಿಶ್ಚಿತಾರ್ಥ ಮಾತ್ರ ಆಗಿರುವವರ ಪ್ರಸ್ತಾಪ ಆ ವ್ಯಾಖ್ಯೆಯಲ್ಲಿಲ್ಲ. 1998ರ ಮೊಕದ್ದಮೆ ಹುಟ್ಟಿದ್ದು ಇಂಥದೇ ಸನ್ನಿವೇಶದಲ್ಲಿ ಎಂಬುದನ್ನು ನೆನೆದರೆ ಇದು ನಿಜಕ್ಕೂ ತೊಡಕಿನ ಜಾಗ. ಮದುವೆಗೆ ಮೊದಲೇ ಹೇಳಿಕೊಳ್ಳುವಂತೆ ರೋಗಿಯನ್ನು ಒಪ್ಪಿಸಲು ಕೌನ್ಸೆಲಿಂಗ್‌ಗೆ ಎಷ್ಟು ಹೊತ್ತು ಬೇಕಾದರೂ ಕೊಡಬೇಕು ಎಂಬುದೇ ನಮ್ಮ ಸಲಹೆ. ಆಗಲಿಲ್ಲವಾದರೆ ಒಬ್ಬರೇ ನಿರ್ಧರಿಸದೆ ಆಸ್ಪತ್ರೆಯ ನೈತಿಕ ಸಮಿತಿ, ಕಾನೂನು ಸಲಹೆಗಾರರ ಮುಂದಿಟ್ಟು ಲಿಖಿತ ಅಭಿಪ್ರಾಯ ಪಡೆಯುವುದು ಕ್ಷೇಮ.

ವರದಿ ಮಾಡಲೇಬೇಕಾದ ರೋಗಗಳು

ಕ್ಷಯರೋಗವನ್ನು ಮೇ 2012ರಿಂದ ವರದಿ ಮಾಡುವುದು ಕಡ್ಡಾಯ. ಮಾರ್ಚ್ 2018ರ ಅಧಿಸೂಚನೆ ಖಾಸಗಿ ಕ್ಲಿನಿಕ್, ಲ್ಯಾಬ್ ಮತ್ತು ಔಷಧಿ ಅಂಗಡಿಗಳನ್ನೂ ಇದರೊಳಗೆ ತಂದು, ತಪ್ಪಿಸಿದವರ ಮೇಲೆ ಕ್ರಿಮಿನಲ್ ಕ್ರಮಕ್ಕೂ ದಾರಿ ಮಾಡಿತು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವೂ ವರದಿ ಮಾಡಬೇಕಾದ ಪಟ್ಟಿಯಲ್ಲಿದೆ.

ಕ್ಷಯದ ಮಾಹಿತಿ ಹೋಗಬೇಕಾದದ್ದು ಸರ್ಕಾರದ ಕ್ಷಯರೋಗಿಗಳ ದಾಖಲೆಯ ಜಾಲತಾಣವಾದ ನಿಕ್ಷಯ್ ಪೋರ್ಟಲಿಗೆ ಮತ್ತು ಆರೋಗ್ಯ ಇಲಾಖೆಯ ಸಂಬಂಧಪಟ್ಟ ಸಿಬ್ಬಂದಿಗೆ. ರೋಗಿಯ ಒಪ್ಪಿಗೆ ಇಲ್ಲಿ ಬೇಕಿಲ್ಲ, ಆದರೆ ರೋಗಿಗೆ ಹೇಳಿಯೇ ಕಳಿಸಬೇಕು. "ನಿಮ್ಮ ಹೆಸರು, ವಿಳಾಸ ಸರ್ಕಾರಿ ಪೋರ್ಟಲಿಗೆ ಹೋಗುತ್ತದೆ, ಮಾತ್ರೆ ನಿಲ್ಲಿಸದಂತೆ ನೋಡಿಕೊಳ್ಳಲು ಒಬ್ಬರು ಸಂಪರ್ಕಿಸುತ್ತಾರೆ, ಅವರು ಮನೆಗೆ ಬರಬೇಕೋ, ನೀವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತೀರೋ?" ಎಂದು ಕೇಳಿದರೆ ಅರ್ಧ ಭಯ ಇಳಿಯುತ್ತದೆ. ಜನ ಹೆದರುವುದು ಪೋರ್ಟಲಿಗಲ್ಲ, ಮನೆ ಮುಂದೆ ನಿಲ್ಲುವ ಇಲಾಖೆಯ ಜೀಪಿಗೆ. ಆ ಭಯಕ್ಕೆ ತಪ್ಪು ವಿಳಾಸ ಕೊಟ್ಟು ಹೋದ ರೋಗಿ ಅರ್ಧಕ್ಕೇ ಮಾತ್ರೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯ ಹುಟ್ಟಿಕೊಳ್ಳುತ್ತದೆ, ಆಗ ವರದಿ ಮಾಡಿದ ಉದ್ದೇಶವೇ ಕೈತಪ್ಪುತ್ತದೆ.

ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಮಾರ್ಚ್ 2020ರಲ್ಲಿ ಹೊರದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರ ವಿಳಾಸಗಳನ್ನು ರಾಜ್ಯ ಸರ್ಕಾರವೇ ಪ್ರಕಟಿಸಿತು, ಆ ಪಟ್ಟಿ ವಾಟ್ಸಾಪಿನಲ್ಲಿ ಬೀದಿ ಬೀದಿ ಸುತ್ತಿತು. ಬಾಗಿಲಿಗೆ ನೋಟಿಸ್ ಅಂಟಿಸುವ ಪದ್ಧತಿ ದೇಶದ ಹಲವು ಕಡೆ ಇತ್ತು. ಸಮರ್ಥ ಪ್ರಾಧಿಕಾರ ವಿಪತ್ತು ನಿರ್ವಹಣಾ ಕಾಯ್ದೆಯಡಿ ನಿರ್ದಿಷ್ಟ ಆದೇಶ ಕೊಡದ ಹೊರತು ಹಾಗೆ ಅಂಟಿಸಬಾರದು ಎಂದು ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಪೊಲೀಸರು ಬಂದಾಗ

ಹೊಡೆದಾಟ, ರಸ್ತೆ ಅಪಘಾತ, ಸುಟ್ಟಗಾಯ, ವಿಷ ಸೇವನೆ, ನೇಣಿಗೆ ಯತ್ನ: ಇವು ಬಂದರೆ ಆಸ್ಪತ್ರೆ ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಮಾಡಿ ಠಾಣೆಗೆ ಇಂಟಿಮೇಷನ್ ಕಳಿಸುತ್ತದೆ. "ಕೇಸ್ ಬೇಡ ಸರ್" ಎಂದು ರೋಗಿ ಬೇಡಿಕೊಂಡರೂ ಇಂಟಿಮೇಷನ್ ನಿಲ್ಲುವುದಿಲ್ಲ. ಆದರೆ ಆ ಚೀಟಿಯಲ್ಲಿ ಇರಬೇಕಾದದ್ದು ಹೆಸರು, ವಯಸ್ಸು, ಬಂದ ಹೊತ್ತು, ಕರೆತಂದವರು, ಗಾಯದ ಸ್ವರೂಪ, ಹೇಳಿದ ಕಾರಣ ಮಾತ್ರ. ಐದು ವರ್ಷದ ಹಿಂದಿನ ಗರ್ಭಪಾತ, ಖಿನ್ನತೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆ, ಎಚ್‌ಐವಿ ಫಲಿತಾಂಶ ಗಾಯದ ಕಥೆಗೆ ಸಂಬಂಧಪಡದಿದ್ದರೆ ಅಲ್ಲಿಗೆ ಹೋಗಬಾರದು. ಆತ್ಮಹತ್ಯೆಗೆ ಯತ್ನಿಸಿ ಬಂದವರ ಮನೆಯವರು ಇಂಟಿಮೇಷನ್ ಎಂದರೆ ಜೈಲು ಎಂದೇ ಹೆದರುತ್ತಾರೆ. ಅವರಿಗೆ ಬಿಡಿಸಿ ಹೇಳಬೇಕು: ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಭಾವಿಸುತ್ತದೆ, ಅವರಿಗೆ ಚಿಕಿತ್ಸೆ ಮತ್ತು ಪುನರ್ವಸತಿ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ.

ಎಂಎಲ್‌ಸಿ ಅಲ್ಲದ ರೋಗಿಯ ಫೈಲನ್ನು ಪೊಲೀಸರು ಕೌಂಟರಿನಲ್ಲಿ ನಿಂತು ಬಾಯಿಮಾತಿನಲ್ಲಿ ಕೇಳಿದರೆ ಕೊಡಬೇಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 94ನೇ ಕಲಮು ಠಾಣಾಧಿಕಾರಿಗೆ ದಾಖಲೆ ತರಿಸಿಕೊಳ್ಳುವ ಅಧಿಕಾರ ಕೊಡುತ್ತದೆ, ಆದರೆ ಲಿಖಿತ ಆದೇಶದ ಮೂಲಕ. ಆ ಪತ್ರದಲ್ಲಿ ಅಪರಾಧ ಸಂಖ್ಯೆ, ಕಲಮು, ಬೇಕಾದ ದಾಖಲೆ ಯಾವುದು, ಅಧಿಕಾರಿಯ ಹೆಸರು, ಮೊಹರು ಇವೆಯೇ ಎಂದು ನೋಡಿ, ಕೇಳಿದ ದಾಖಲೆಯ ದೃಢೀಕೃತ ನಕಲನ್ನಷ್ಟೇ ಕೊಟ್ಟು, ಸ್ವೀಕೃತಿ ಪಡೆದು ರೆಕಾರ್ಡ್ ರೂಮಿನ ರಿಜಿಸ್ಟರಿನಲ್ಲಿ ನಮೂದಿಸಬೇಕು. ರಾತ್ರಿ ಡ್ಯೂಟಿಯ ಹೌಸ್ ಸರ್ಜನ್ ಮೊಬೈಲಿನಲ್ಲಿ ಕೇಸ್ ಶೀಟಿನ ಫೋಟೊ ತೆಗೆದು ಪೇದೆಯ ವಾಟ್ಸಾಪಿಗೆ ಕಳಿಸುವುದು ನಡೆಯುತ್ತದೆ. ಇದನ್ನು ಮೊದಲು ನಿಲ್ಲಿಸಬೇಕು.

ವಕೀಲರ ನೋಟಿಸ್ ಕೋರ್ಟ್ ಆದೇಶವಲ್ಲ. ವಿಚ್ಛೇದನದ ದಾವೆಗಳಲ್ಲಿ ಹೆಂಡತಿಯ ಮಾನಸಿಕ ಚಿಕಿತ್ಸೆಯ ದಾಖಲೆ ಕೇಳಿ ಗಂಡನ ಕಡೆಯ ವಕೀಲರು ಪತ್ರ ಬರೆಯುತ್ತಾರೆ. "ರೋಗಿಯ ಲಿಖಿತ ಒಪ್ಪಿಗೆ ಅಥವಾ ನ್ಯಾಯಾಲಯದ ಆದೇಶ ಕಳಿಸಿ" ಎಂಬುದಷ್ಟೇ ಅದಕ್ಕೆ ಕೊಡಬಹುದಾದ ಉತ್ತರ. ಆಕೆ ತಮ್ಮ ರೋಗಿ ಹೌದೋ ಅಲ್ಲವೋ ಎಂಬುದನ್ನೂ ಆ ಪತ್ರದಲ್ಲಿ ಒಪ್ಪಿಕೊಳ್ಳಬಾರದು. ಕೋರ್ಟೇ ಕರೆಸಿದರೆ ಹೋಗಲೇಬೇಕು. ವಕೀಲ-ಕಕ್ಷಿದಾರರ ಮಾತಿಗೆ ಸಾಕ್ಷ್ಯ ಕಾನೂನು ಕೊಟ್ಟಿರುವ ರಕ್ಷಣೆ ವೈದ್ಯ-ರೋಗಿಯ ಮಾತಿಗೆ ನಮ್ಮಲ್ಲಿ ಇಲ್ಲ. ಆದರೂ ದಾಖಲೆಯನ್ನು ಮುಚ್ಚಿದ ಲಕೋಟೆಯಲ್ಲಿ ಒಪ್ಪಿಸಲು, ಸೂಕ್ಷ್ಮ ಭಾಗವನ್ನು ನ್ಯಾಯಾಧೀಶರು ಮೊದಲು ನೋಡಲು ವೈದ್ಯರು ಕೋರಿಕೊಳ್ಳಬಹುದು. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಅಲ್ಲಿಗೇ ನಿಲ್ಲಿಸುವುದೂ ಗೌಪ್ಯತೆಯ ಪಾಲನೆಯೇ.

ಲೈಂಗಿಕ ದೌರ್ಜನ್ಯ ಮತ್ತು ಹದಿನೆಂಟರೊಳಗಿನ ಹುಡುಗಿ

ಅತ್ಯಾಚಾರಕ್ಕೆ ಒಳಗಾದವರು ಬಂದರೆ ಸರ್ಕಾರಿ, ಖಾಸಗಿ ಯಾವುದೇ ಆಸ್ಪತ್ರೆ ಉಚಿತವಾಗಿ, ಕೂಡಲೇ ಚಿಕಿತ್ಸೆ ಕೊಡಬೇಕು, ಪೊಲೀಸರಿಗೂ ತಿಳಿಸಬೇಕು. ಬಿಎನ್‌ಎಸ್‌ಎಸ್‌ನ 397ನೇ ಕಲಮು ಹೇಳುವುದು ಇದನ್ನೇ. ಚಿಕಿತ್ಸೆ ನಿರಾಕರಿಸಿದರೆ ಒಂದು ವರ್ಷದವರೆಗೆ ಜೈಲು. ಆದರೆ ಆಸ್ಪತ್ರೆ ಇಂಟಿಮೇಷನ್ ಕೊಡುವುದು ಬೇರೆ, ಆಕೆ ದೂರು ಕೊಡುವುದು ಬೇರೆ. ದೂರು ಬೇಡವೆನ್ನುವ ವಯಸ್ಕ ಮಹಿಳೆಯ ನಿರಾಕರಣೆಯನ್ನು ಬರೆದುಕೊಂಡು ಚಿಕಿತ್ಸೆ ಮುಂದುವರಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ತಿಳಿಸುತ್ತದೆ. ಆಕೆಯ ಹಿಂದಿನ ಲೈಂಗಿಕ ಜೀವನದ ಬಗ್ಗೆ ವರದಿಯಲ್ಲಿ ಒಂದಕ್ಷರವೂ ಬರಬಾರದು.

ತಾಲೂಕು ಆಸ್ಪತ್ರೆಯ ವೈದ್ಯರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು ಸನ್ನಿವೇಶ. 16 ಅಥವಾ 17ರ ಹುಡುಗಿ, ಕೊರಳಲ್ಲಿ ತಾಳಿ, ಹೊಟ್ಟೆಯಲ್ಲಿ ಐದು ತಿಂಗಳು, ತಾಯಿ ಕಾರ್ಡ್ ಮಾಡಿಸಲು ಅತ್ತೆಯ ಜೊತೆ ಬಂದಿದ್ದಾಳೆ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನಾಂಕ ಕಣ್ಣಿಗೆ ರಾಚುವಂತಿದೆ. 18ರೊಳಗಿನ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮದುವೆಯಾಗಿದೆ ಎಂಬುದು ಇಲ್ಲಿ ನೆಪವಾಗುವುದಿಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಆದರೆ ವರದಿಯಾಗುತ್ತದೆ ಎಂಬ ಸುದ್ದಿ ಹಬ್ಬಿದರೆ ಮುಂದಿನ ಹುಡುಗಿ ಆಸ್ಪತ್ರೆಗೇ ಬರುವುದಿಲ್ಲ, ಮನೆಯಲ್ಲೇ ಹೆರಿಗೆಗೆ ನಿಲ್ಲುತ್ತಾಳೆ ಅಥವಾ ಎಲ್ಲೋ ಮಾತ್ರೆ ತಂದು ನುಂಗುತ್ತಾಳೆ. ಈ ಇಕ್ಕಟ್ಟು ನಿಜವಾದದ್ದು, ವೈದ್ಯರು ಇದನ್ನು ಹಗುರವಾಗಿ ಹೇಳುತ್ತಿಲ್ಲ.

ಗರ್ಭಪಾತದ ಮಟ್ಟಿಗೆ 29 ಸೆಪ್ಟೆಂಬರ್ 2022ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಸಂದು ತೆರೆಯಿತು. ಒಪ್ಪಿತ ಸಂಬಂಧದಿಂದ ಬಸಿರಾಗಿ ಗರ್ಭಪಾತಕ್ಕೆ ಬಂದ ಅಪ್ರಾಪ್ತ ಹುಡುಗಿ ಮತ್ತು ಆಕೆಯ ಪೋಷಕರು ಕೋರಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಹೆಸರು, ಗುರುತು ಬಿಡಬಹುದು. ಮಾಹಿತಿ ಕೊಡುವ ಹೊಣೆ ಉಳಿಯುತ್ತದೆ, ಹುಡುಗಿಯ ಗುರುತು ಮಾತ್ರ ಒಳಗಿರುತ್ತದೆ. ಈ ಕೋರಿಕೆಯನ್ನು ಬರಹದಲ್ಲಿ ಪಡೆದು ದಾಖಲೆಯ ಜೊತೆ ಇಟ್ಟುಕೊಳ್ಳಬೇಕು. ಮೊದಲೇ ಹುಡುಗಿಗೆ, ಅತ್ತೆಯನ್ನು ಹೊರಗೆ ಕೂರಿಸಿ, ಅರ್ಥವಾಗುವ ಮಾತಿನಲ್ಲಿ ಹೇಳಬೇಕು: ಏನನ್ನು ನಾನು ಗುಟ್ಟಾಗಿ ಇಡಬಲ್ಲೆ, ಏನನ್ನು ಇಡಲಾರೆ. ಗುಟ್ಟು ಕೇಳಿಸಿಕೊಂಡ ಮೇಲೆ "ಇದನ್ನು ಹೇಳಲೇಬೇಕು" ಎನ್ನುವುದು ಮೋಸದಂತೆ ಕಾಣುತ್ತದೆ.

ವಯಸ್ಕ ಮಹಿಳೆಯ ಗರ್ಭಪಾತಕ್ಕಂತೂ ಕಾನೂನು ಬಲವಾದ ಬೀಗ ಹಾಕಿದೆ. ಆಕೆಯ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಅಡ್ಮಿಷನ್ ರಿಜಿಸ್ಟರ್ ಗುಪ್ತ ದಾಖಲೆ. ಅಲ್ಲಿ ಬಿಟ್ಟು ಬೇರೆಲ್ಲೂ, ಕೇಸ್ ಶೀಟಿನಲ್ಲಾಗಲಿ, ಆಪರೇಷನ್ ಥಿಯೇಟರಿನ ರಿಜಿಸ್ಟರಿನಲ್ಲಾಗಲಿ, ಹೆಸರು ಬರೆಯುವಂತಿಲ್ಲ; ವರ್ಷದ ಜೊತೆ ಕ್ರಮಸಂಖ್ಯೆ ಮಾತ್ರ. ಒಪ್ಪಿಗೆ ಪತ್ರ ಮುಚ್ಚಿದ ಲಕೋಟೆಯೊಳಗೆ. ಗರ್ಭಪಾತ ಕಾಯ್ದೆಗೆ 2021ರಲ್ಲಿ ಸೇರಿದ 5ಎ ಕಲಮಿನಂತೆ ಕಾನೂನಿನ ಅಧಿಕಾರವಿಲ್ಲದವರಿಗೆ ಹೆಸರು ಬಿಟ್ಟುಕೊಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇಷ್ಟೆಲ್ಲ ಇದ್ದೂ ಗುಟ್ಟು ಒಡೆಯುವುದು ಸಣ್ಣ ಕಾರಣಕ್ಕೆ: ವಿವರವಾದ ಬಿಲ್ಲು, ಮನೆಯ ನಂಬರಿಗೆ ಹೋಗುವ ಎಸ್‌ಎಂಎಸ್, "ಫಾಲೋ ಅಪ್‌ಗೆ ಯಾಕೆ ಬರಲಿಲ್ಲ?" ಎಂದು ರಿಸೆಪ್ಷನ್‌ನಿಂದ ಹೋಗುವ ಫೋನು. ಫೋನ್ ಮಾಡಬಹುದೇ, ಯಾವ ನಂಬರಿಗೆ, ಯಾವ ಹೊತ್ತಿಗೆ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಅಪಾಯ ಎಂದರೆ ಎಷ್ಟು ಅಪಾಯ?

ಜಮೀನಿನ ಜಗಳದಲ್ಲಿ ಕುದಿಯುತ್ತಿರುವ ರೋಗಿ ಮನೋವೈದ್ಯರ ಮುಂದೆ "ತಮ್ಮನನ್ನು ಉಳಿಸಲ್ಲ" ಎನ್ನುತ್ತಾರೆ. ಇದು ಸಿಟ್ಟಿನ ಮಾತೋ, ನಿರ್ಧಾರವೋ? ವೈದ್ಯರು ತೂಗಬೇಕಾದದ್ದು ಯಾರ ಮೇಲೆ ಎಂಬುದು ಸ್ಪಷ್ಟವಿದೆಯೇ, ಯೋಜನೆ ಇದೆಯೇ, ಕೈಯಲ್ಲಿ ಆಯುಧ ಅಥವಾ ಅವಕಾಶ ಇದೆಯೇ, ಹಿಂದೆ ಕೈ ಮಾಡಿದ್ದುಂಟೇ, ಕುಡಿತ ಇದೆಯೇ, ತಮ್ಮನ ಮೇಲಿನ ಸಂಶಯಕ್ಕೆ ಭ್ರಮೆ ಕಾರಣವೇ ಎಂಬುದನ್ನು. ಅಪಾಯ ನಿಜವೆನಿಸಿದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಹೇಳಲು ಅನುಮತಿ ಕೊಡುತ್ತದೆ, ಅದರ ಜೊತೆಗೆ ಆ ಅಪಾಯ ತಪ್ಪಿಸಲು ಬೇಕಾದಷ್ಟನ್ನೇ ಹೇಳಬೇಕೆಂದು ಕಟ್ಟಳೆಯನ್ನೂ ಹಾಕುತ್ತದೆ. ತಮ್ಮನಿಗೆ "ನಿಮ್ಮ ಜೀವಕ್ಕೆ ಅಪಾಯವಿದೆ, ಸದ್ಯ ಬೇರೆ ಕಡೆ ಇರಿ, ಠಾಣೆಗೆ ತಿಳಿಸಿ" ಎನ್ನಬಹುದು. ಕಾಯಿಲೆಯ ಹೆಸರು, ಮಾತ್ರೆ, ಬಾಲ್ಯದಲ್ಲಿ ಏನಾಗಿತ್ತು ಎಂಬ ಕಥೆ ಆ ಮಾತಿನಲ್ಲಿ ಸೇರಬಾರದು.

ಮೂರ್ಛೆರೋಗವಿದ್ದೂ ಬಸ್ಸು ಓಡಿಸುವ ಚಾಲಕರ ವಿಷಯ ಇನ್ನೂ ಬಿಗಿ. ಲೈಸೆನ್ಸಿಗೆ ಕೊಡುವ ಸ್ವಯಂಘೋಷಣೆಯ ಮೊದಲ ಪ್ರಶ್ನೆಯೇ ಮೂರ್ಛೆಯ ಬಗ್ಗೆ, ಆದರೆ ಅದನ್ನು ತುಂಬುವವರು ಅರ್ಜಿದಾರರೇ. ವೈದ್ಯರು ಮೊದಲು ಓಡಿಸಬೇಡಿ ಎಂದು ಖಡಾಖಂಡಿತವಾಗಿ ಹೇಳಿ, ಅದನ್ನು ಚೀಟಿಯಲ್ಲೂ ಬರೆದು, ಬೇರೆ ಕೆಲಸಕ್ಕೆ ಬದಲಿಸಲು ಪತ್ರ ಬೇಕಿದ್ದರೆ ಕೊಡುತ್ತೇನೆ ಎನ್ನಬೇಕು. ಅನ್ನದ ಪ್ರಶ್ನೆ ಇದು, ಆ ಪತ್ರದಿಂದಲೇ ಎಷ್ಟೋ ಜನ ಒಪ್ಪುತ್ತಾರೆ. ಒಪ್ಪದೆ ಓಡಿಸುತ್ತಲೇ ಇದ್ದರೆ, ರೋಗಿಗೆ ತಿಳಿಸಿಯೇ, ಸಂಸ್ಥೆಯ ವೈದ್ಯಾಧಿಕಾರಿಗೆ "ಇವರು ಚಾಲನೆಗೆ ಸದ್ಯ ಅರ್ಹರಲ್ಲ" ಎಂಬ ಒಂದು ಸಾಲು ಬರೆಯುವುದಕ್ಕೆ 7.14ರ ಎರಡನೇ ವಿನಾಯಿತಿ ಆಧಾರವಾಗುತ್ತದೆ. ಬಸ್ಸಿನಲ್ಲಿ ಕೂತವರೇ ಇಲ್ಲಿ ಅಪಾಯದಲ್ಲಿರುವ ಸಮುದಾಯ.

ಆಫೀಸು, ವಾಟ್ಸಾಪು, ಮತ್ತು ಸಾವಿನ ನಂತರ

ಕಂಪನಿಯ ಎಚ್‌ಆರ್ ಫೋನ್ ಮಾಡಿ "ನಿಮ್ಮಲ್ಲಿ ಅಡ್ಮಿಟ್ ಆಗಿದ್ದು ನಿಜವೇ, ಏನಾಗಿತ್ತು?" ಎಂದರೆ ಉತ್ತರ ಕೊಡುವಂತಿಲ್ಲ. ಫಿಟ್‌ನೆಸ್ ತಪಾಸಣೆಗೆ ಕಳಿಸಿದ್ದರೆ ಕೆಲಸಕ್ಕೆ ಯೋಗ್ಯರೋ ಅಲ್ಲವೋ ಎಂಬುದು ಸಾಕು. ವಿಮೆಯವರಿಗೆ ದಾಖಲೆ ಹೋಗುವುದು ರೋಗಿ ಪಾಲಿಸಿಯ ಅರ್ಜಿಯಲ್ಲಿ ಕೊಟ್ಟ ಒಪ್ಪಿಗೆಯ ಮೇಲೆ. ಆ ಅರ್ಜಿಯನ್ನು ಓದಿ ಸಹಿ ಹಾಕುವವರು ಬಹಳ ಕಡಿಮೆ.

ವೈದ್ಯರ ವಾಟ್ಸಾಪ್ ಗುಂಪುಗಳಲ್ಲಿ ಅಪರೂಪದ ಎಕ್ಸ್‌ರೇ ಹಂಚಿಕೊಂಡು ಸಲಹೆ ಕೇಳುವುದು ಒಳ್ಳೆಯದೇ. ಆದರೆ ಫಿಲ್ಮಿನ ಮೂಲೆಯಲ್ಲಿ ಹೆಸರು, ವಯಸ್ಸು, ಆಸ್ಪತ್ರೆಯ ನಂಬರ್, ದಿನಾಂಕ ಅಚ್ಚಾಗಿರುತ್ತದೆ, ಅದನ್ನು ಕತ್ತರಿಸಬೇಕು. ಮುಖದ ಫೋಟೊದಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಎಳೆದರೆ ಸಾಲದು. ಕೈಯ ಹಚ್ಚೆ, ಮೂಗುತಿ, "ಇಂಥ ಊರಿನ 34 ವರ್ಷದ ಶಿಕ್ಷಕಿ" ಎಂಬ ಒಂದು ಸಾಲು ಸಾಕು, ಊರಿನವರು ಗುರುತು ಹಿಡಿಯುತ್ತಾರೆ. ಗುರುತು ಸಿಗುವಂತೆ ಫೋಟೊ ಅಥವಾ ಕೇಸ್ ವರದಿ ಪ್ರಕಟಿಸಲು ರೋಗಿಯ ಅನುಮತಿ ಬೇಕೆಂದು 2002ರ ನಿಯಮಾವಳಿಯ 7.17 ಹೇಳುತ್ತದೆ.

ರೋಗಿಗೆ ಮಾತ್ರ ತನ್ನ ದಾಖಲೆ ಗುಟ್ಟಲ್ಲ. ಕೇಳಿದ 72 ಗಂಟೆಯೊಳಗೆ ಆಸ್ಪತ್ರೆ ಕೊಡಬೇಕು, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಕನಿಷ್ಠ 3 ವರ್ಷ ಕಾಪಾಡಬೇಕು. ತನ್ನ ವಿಷಯ ಯಾರಿಂದ ಹೊರಬಿತ್ತು ಎಂದು ಸಂಶಯ ಬಂದವರು ಮೊದಲು ಆ ನಕಲನ್ನು ಪಡೆದು, ಯಾರಿಗೆ ಯಾವ ದಿನ ದಾಖಲೆ ಹೋಯಿತೆಂಬುದನ್ನು ಲಿಖಿತವಾಗಿ ಕೇಳಬೇಕು. ವೈದ್ಯರ ನಡವಳಿಕೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ನಷ್ಟ ಪರಿಹಾರದ ದಾವೆ ಗ್ರಾಹಕರ ಆಯೋಗಕ್ಕೆ.

ಸಾವಿನೊಂದಿಗೆ ಗುಟ್ಟು ತೀರುವುದಿಲ್ಲ. ವೈದ್ಯರು ಸಾವಿನ ಕಾರಣದ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕಳಿಸುತ್ತಾರೆ, ಹತ್ತಿರದ ಸಂಬಂಧಿಕರಿಗೂ ಅದರ ಪ್ರತಿ ಸಿಗುತ್ತದೆ. ಆದರೆ ಪಂಚಾಯಿತಿ, ನಗರಸಭೆಯಲ್ಲಿ ಸಿಗುವ ಮರಣ ಪ್ರಮಾಣಪತ್ರವನ್ನು ಒಮ್ಮೆ ತೆಗೆದು ನೋಡಿ. ಹೆಸರಿದೆ, ದಿನಾಂಕವಿದೆ, ಸ್ಥಳವಿದೆ, ಕಾರಣ ಮಾತ್ರ ಇಲ್ಲ. ಬ್ಯಾಂಕಿಗೆ, ಪಹಣಿ ಬದಲಾವಣೆಗೆ, ಶಾಲೆಗೆ ಎಂದು ಹತ್ತು ಕೈ ದಾಟುವ ಆ ಹಾಳೆಯಲ್ಲಿ ಸಾವಿನ ಕಾರಣ ಇರಕೂಡದೆಂದು 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮೇ ತಡೆದಿದೆ.